ಹತ್ತು ಸೆಕೆಂಡಿನ ಎಣಿಕೆ

2025ರ ಮಾರ್ಚ್ 11, ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆ ಹದಿನೆಂಟು ನಿಮಿಷ. ನರ್ಸಕ್ಕನ ನೀಲಿ ಕಾರು ಗ್ಯಾರೇಜಿನ ಏರನ್ನು ಏದುಸಿರು ಬಿಡುತ್ತ ಹತ್ತಿ ಬಂದು, ಬಾಗಿಲ ಬಳಿ ಎಡವಿದಂತೆ ಒಮ್ಮೆ ಜಗ್ಗಿ ನಿಂತಿತು. ಕಿಟಕಿಯ ಗಾಜು ಪೂರ್ತಿ ಇಳಿಯುವ ಮೊದಲೇ ಒಳಗಿನಿಂದ ಕೂಗು ಬಂತು.

"ಡಾಕ್ಟ್ರಮ್ಮಾ, ನಿಮ್ಮ ಪೇಷೆಂಟು ಮತ್ತೆ ಅಡ್ಮಿಟ್ ಆಗೋಕೆ ಬಂದಿದೆ!"

ಡಾಕ್ಟ್ರಮ್ಮ ಎಂದರೆ ಆ ಗ್ಯಾರೇಜಿನ ತಂಗಿ. ಗ್ಯಾರೇಜು ಅಣ್ಣ ತಂಗಿಯರದು. ಇಂಜಿನ್ ಬಿಚ್ಚಿ ಕಟ್ಟುವ ಕೆಲಸವೆಲ್ಲ ಅಣ್ಣನದು. ಅವನನ್ನು ಬೀದಿಯವರೆಲ್ಲ ಮೇಸ್ತ್ರಿ ಎನ್ನುತ್ತಿದ್ದರು. ಎಲ್ಲಿ ಏನು ಕೆಟ್ಟಿದೆ ಎಂದು ತಂತಿ ಚುಚ್ಚಿ, ಅಳೆದು, ಬರೆದು ಹೇಳುವುದು ತಂಗಿಯ ಕೆಲಸ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದವಳು, ವಯಸ್ಸು ನಲವತ್ತನಾಲ್ಕು. ಅಣ್ಣನಿಗೆ ಐವತ್ತಾರು. ಅಪ್ಪ ಹಾಸಿಗೆ ಹಿಡಿದ ಹನ್ನೊಂದು ವರ್ಷ ಮನೆಯನ್ನು ಹೊತ್ತವನು ಅವನೇ. ಅವಳು ಕಾಲೇಜಿನ ಮೆಟ್ಟಿಲು ಹತ್ತಿದ್ದು ಅವನ ಹೆಗಲ ಮೇಲೆ ಕಾಲಿಟ್ಟು.

"ದೊಡ್ಡ ಸರ್ವಿಸ್ ಮಾಡ್ಸಿ ಒಂದು ತಿಂಗಳಾಗಿಲ್ಲ," ಎಂದು ನರ್ಸಕ್ಕ ಇಳಿದಳು. "ಆ ಹಳದಿ ಇಂಜಿನ್ ದೀಪ ನೋಡಿ. ನಮ್ಮತ್ತೆ ಥರ ನನ್ನನ್ನೇ ದಿಟ್ಟಿಸ್ತಾ ಕೂತಿದೆ."

ಪಕ್ಕದ ವ್ಯಾನಿನ ಅಡಿಯಿಂದ ಅಣ್ಣನ ಎರಡು ಕಾಲು ಮಾತ್ರ ಕಾಣುತ್ತಿತ್ತು. ಕಾಲುಗಳೇ ಮಾತಾಡಿದ ಹಾಗೆ ಉತ್ತರ ಬಂತು. "ದೀಪ ಉರಿಯೋದು ಒಳ್ಳೇದೇ ಅಲ್ವೇನಕ್ಕಾ? ಕತ್ತಲಲ್ಲಿ ಹೋಗೋದು ತಪ್ಪುತ್ತೆ."

"ಮೇಸ್ತ್ರೀ, ನಿಮ್ಮ ಮಾತಿಗೆ ಪೆಟ್ರೋಲೇ ಬೇಡ, ಹಂಗೇ ಓಡುತ್ತೆ," ಎಂದು ನರ್ಸಕ್ಕ ಕೀಲಿಕೈಯನ್ನು ಬಾನೆಟ್ ಮೇಲಿಟ್ಟು ಬಸ್ಸು ಹಿಡಿಯಲು ಹೊರಟಳು.

ತಂಗಿ ನಗಲಿಲ್ಲ. ಐದು ವಾರದಲ್ಲಿ ಇದು ನಾಲ್ಕನೆಯ ಕಾರು.

ಇಂಜಿನ್ನಿನ ಹೊಗೆ ಹೊರಹೋಗುವ ಪೈಪಿನಲ್ಲಿ ಬೆರಳುದ್ದದ ಒಂದು ಸೆನ್ಸರ್ ಇರುತ್ತದೆ. ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂದು ಹೇಳುವುದು ಅದರ ಕೆಲಸ. ಅದು ಮಾತಾಡುವುದು ವೋಲ್ಟ್ ಲೆಕ್ಕದಲ್ಲಿ. ಪೆಟ್ರೋಲು ಹೆಚ್ಚಾಗಿದ್ದರೆ ಸೊನ್ನೆ ಪಾಯಿಂಟ್ ಒಂಬತ್ತರ ಹತ್ತಿರ, ಗಾಳಿ ಹೆಚ್ಚಾಗಿದ್ದರೆ ಸೊನ್ನೆ ಪಾಯಿಂಟ್ ಒಂದರ ಹತ್ತಿರ. ಅದರ ಮಾತು ಕೇಳಿ ಕಾರಿನ ಕಂಪ್ಯೂಟರು ಪೆಟ್ರೋಲನ್ನು ತುಸು ಇಳಿಸುತ್ತದೆ, ತುಸು ಏರಿಸುತ್ತದೆ. ಹಾಗಾಗಿ ಆರೋಗ್ಯವಂತ ಕಾರಿನಲ್ಲಿ, ವೋಲ್ಟನ್ನು ಚಿತ್ರವಾಗಿ ತೋರಿಸುವ ಸ್ಕೋಪಿನ ಪರದೆಯ ಮೇಲಿನ ಗೆರೆ ಸುಮ್ಮನೆ ಕೂರುವುದೇ ಇಲ್ಲ. ನಡುಗೆರೆಯನ್ನು ದಾಟಿ ಮೇಲೆ, ದಾಟಿ ಕೆಳಗೆ, ಕುಂಟಾಬಿಲ್ಲೆ ಆಡುವ ಮಗುವಿನ ಹಾಗೆ. ಇಂಜಿನ್ನನ್ನು ಚೆನ್ನಾಗಿ ಕಾಯಿಸಿ, ನಿಮಿಷಕ್ಕೆ ಎರಡೂವರೆ ಸಾವಿರ ಸುತ್ತಿನಲ್ಲಿ ನಿಲ್ಲಿಸಿ, ಹತ್ತು ಸೆಕೆಂಡಿನಲ್ಲಿ ಗೆರೆ ಎಷ್ಟು ಸಲ ದಾಟಿತು ಎಂದು ತಂಗಿ ಎಣಿಸುತ್ತಿದ್ದಳು. ಹದಿನೈದಕ್ಕಿಂತ ಕಡಿಮೆ ಬಂದರೆ ಅವಳ ಹುಬ್ಬು ಮೇಲೇರುತ್ತಿತ್ತು.

ನರ್ಸಕ್ಕನ ಕಾರು ನಾಲ್ಕು ಸಲ ದಾಟಿತು.

ತಪ್ಪು ಸೆನ್ಸರಿನದೋ ಅಥವಾ ಅದು ಹೇಳುತ್ತಿರುವುದು ನಿಜವೋ ಎಂದು ಮೊದಲು ನೋಡಬೇಕು. ಸುದ್ದಿ ತಂದವನಿಗೇ ಹೊಡೆಯುವ ಚಾಳಿ ಅವಳಿಗಿರಲಿಲ್ಲ. ಬೆಸುಗೆ ಹಾಕುವ ಸಣ್ಣ ಗ್ಯಾಸ್ ಬಾಟಲಿಯಿಂದ ಇಂಜಿನ್ ಗಾಳಿ ಎಳೆಯುವ ಕೊಳವೆಗೆ ಒಂದು ಗುಟುಕು ಗ್ಯಾಸ್ ಬಿಟ್ಟಳು. ಒಳ್ಳೆಯ ಸೆನ್ಸರಾಗಿದ್ದರೆ ಒಂದು ಸೆಕೆಂಡಿನ ಹತ್ತನೇ ಒಂದು ಪಾಲಿನಲ್ಲಿ ಗೆರೆ ಮೇಲಕ್ಕೆ ಚಿಮ್ಮಬೇಕು. ಇದು ಹಾಸಿಗೆಯಿಂದ ಏಳುವ ರೋಗಿಯ ಹಾಗೆ ಮೇಲೇರಲು ಮುಕ್ಕಾಲು ಸೆಕೆಂಡು ತೆಗೆದುಕೊಂಡಿತು. ಸತ್ತಿರಲಿಲ್ಲ, ಮಂದವಾಗಿತ್ತು. ಸತ್ತದ್ದನ್ನು ಯಾರು ಬೇಕಾದರೂ ಕಂಡುಹಿಡಿಯಬಹುದು. ಮಂದವಾಗುತ್ತಿರುವುದನ್ನು ಹಿಡಿಯಲು ದಿನವೂ ಅಳೆಯಬೇಕು.

ಬಿಚ್ಚಿ ನೋಡಿದರೆ ತುದಿಯೆಲ್ಲ ಬೆಳ್ಳಗೆ, ಸೀಮೆಸುಣ್ಣ ಹಿಡಿದ ಮೇಷ್ಟರ ಬೆರಳಿನಂತೆ. ಹಿಂದಿನ ಮೂರು ಸೆನ್ಸರುಗಳು ಅವಳ ಮೇಜಿನ ಮೇಲೆ ಮೂರು ಗಾಜಿನ ಸೀಸೆಗಳಲ್ಲಿದ್ದವು. ನಾಲ್ಕನ್ನೂ ಸಾಲಾಗಿ ಇಟ್ಟಳು. ಒಂದೇ ತಾಯಿಯ ಮಕ್ಕಳು.

ಪೆಟ್ರೋಲು ಅತಿಯಾಗಿ ಉರಿದರೆ ಮಸಿ ಕಟ್ಟಿ ಕಪ್ಪಾಗುತ್ತದೆ. ಆಯಿಲ್ ಸುಟ್ಟರೆ ಕಂದು ಬೂದಿ ಕೂರುತ್ತದೆ. ರೇಡಿಯೇಟರಿನ ನೀರು ಒಳಗೆ ಸೋರಿದರೂ ಬಿಳಿಯಾಗುತ್ತದೆ. ಆದರೆ ಒತ್ತಡ ಕೊಟ್ಟು ಇಪ್ಪತ್ತು ನಿಮಿಷ ಕಾದರೂ ರೇಡಿಯೇಟರಿಗೆ ಸಿಕ್ಕಿಸಿದ ಮಾಪಕದ ಮುಳ್ಳು ಅಲುಗಲಿಲ್ಲ. ಉಳಿದದ್ದು ಒಂದೇ, ಸಿಲಿಕೋನ್. ಅದರ ಆವಿ ಇಂಜಿನ್ನಿನಲ್ಲಿ ಉರಿದು, ನುಣುಪಾದ ಬಿಳಿ ಮರಳಾಗಿ ಸೆನ್ಸರಿನ ಮೈಮೇಲೆ ಕೂತು, ಅದರ ಉಸಿರು ಕಟ್ಟಿಸುತ್ತದೆ. ಹೊಸ ಸೆನ್ಸರುಗಳ ಈ ಕಂತೇ ಕೆಟ್ಟದ್ದು, ಕಾರ್ಖಾನೆಯಲ್ಲೇ ಏನೋ ಬೆರೆತಿದೆ ಎಂದು ಅವಳು ತೀರ್ಮಾನಿಸಿ ಒಂದು ವಾರವಾಗಿತ್ತು. ಎದುರು ಸಾಲಿನ ಬಿಡಿಭಾಗದಂಗಡಿಯ ಗುಂಡು ಮಾವನ ಜೊತೆ ಜಗಳವೂ ಆಗಿತ್ತು. ಮೈಯೂ ಗುಂಡು, ಕನ್ನಡಕವೂ ಗುಂಡು ಆದ್ದರಿಂದ ಆ ಹೆಸರು. ಸಂಬಂಧದಲ್ಲಿ ಅವನು ಯಾರಿಗೂ ಮಾವನಲ್ಲ.

ಹತ್ತೂವರೆಗೆ ಅವನೇ ರಸ್ತೆ ದಾಟಿ ಬಂದ. ಕೈಯಲ್ಲೊಂದು ಚೀಟಿ.

"ಕೂತ್ಕೋ ಡಾಕ್ಟ್ರಮ್ಮ, ನಿಂತು ಕೇಳೋ ವಿಷಯ ಅಲ್ಲ. ಈ ಕಂತಿನಲ್ಲಿ ಬಂದ ಸೆನ್ಸರು ನಲವತ್ತು. ಮಾರಿದ್ದು ಮೂವತ್ತೊಂದು. ಎಲ್ಲಾ ಗ್ಯಾರೇಜಿಗೂ ಫೋನ್ ಮಾಡಿ ಕಿವಿ ಕೆಂಪಾಯ್ತು. ವಾಪಸ್ ಬಂದಿರೋದು ಎಷ್ಟು ಹೇಳು?"

"ಎಷ್ಟು?"

"ನಿನ್ನವು. ನಿನ್ನವು ಮಾತ್ರ. ಇನ್ಮೇಲೆ ನನ್ನ ಡಬ್ಬಿ ಮೇಲೆ ಗೂಬೆ ಕೂರಿಸೋ ಮುಂಚೆ, ಗೂಬೆ ನಿನ್ನ ಮನೇಲೇ ಮೊಟ್ಟೆ ಇಟ್ಟಿದೆಯಾ ನೋಡ್ಕೋ."

ವ್ಯಾನಿನ ಅಡಿಯಲ್ಲಿ ಪಾನಾದ ಸದ್ದು ನಿಂತಿತ್ತು. ಕಾಲುಗಳು ಅಲುಗದೆ ಇದ್ದವು. ಗುಂಡು ಮಾವ ಹೋದ ಮೇಲೂ ಸ್ವಲ್ಪ ಹೊತ್ತು ಹಾಗೇ ಇದ್ದವು. ಆ ಗಳಿಗೆಯಲ್ಲಿ ಅವಳು ಅದನ್ನು ಕಂಡೂ ಕಾಣಲಿಲ್ಲ.

ಅವಳಿಗೆ ತನ್ನ ಮೇಲೇ ನಾಚಿಕೆಯಾಗಿತ್ತು. ವಿಜ್ಞಾನ ಓದಿದವಳು, ಕೆಟ್ಟು ಬಂದ ಕಾರುಗಳನ್ನು ಮಾತ್ರ ಎಣಿಸಿದ್ದಳು. ಕೆಡದೆ, ವಾಪಸ್ ಬರದೆ ಓಡಾಡುತ್ತಿದ್ದ ಕಾರುಗಳನ್ನು ಎಣಿಸಿರಲಿಲ್ಲ. ಜಾಬ್ ಪುಸ್ತಕ ತೆಗೆದಳು. ಯಾವ ಕಾರಿಗೆ ಏನು ಮಾಡಿದ್ದು ಎಂದು ಅಣ್ಣ ಅದರಲ್ಲಿ ತನ್ನ ಕೈಯಾರೆ ಬರೆಯುತ್ತಿದ್ದ. ಇದೇ ಕಂತಿನ ಸೆನ್ಸರನ್ನು ಅವರು ಆರು ಕಾರುಗಳಿಗೆ ಹಾಕಿದ್ದರು. ಎರಡು ಕಾರುಗಳಿಗೆ ಸೆನ್ಸರ್ ಮಾತ್ರ. ಅವು ಚೆನ್ನಾಗಿದ್ದವು, ಫೋನ್ ಮಾಡಿ ಕೇಳಿದಳು. ಉಳಿದ ನಾಲ್ಕಕ್ಕೂ ದೊಡ್ಡ ಸರ್ವಿಸ್ ಆಗಿತ್ತು, ಇಂಜಿನ್ನಿನ ತಲೆಯ ಮೇಲಿನ ಮುಚ್ಚಳ ಬಿಚ್ಚಿ, ಅಂಚಿಗೆ ಅಂಟು ಪೇಸ್ಟ್ ಹಚ್ಚಿ ಕೂರಿಸಲಾಗಿತ್ತು. ಆ ಪೇಸ್ಟು ಸಿಲಿಕೋನ್. ಮುಚ್ಚಳದ ಒಳಗಿನ ಆವಿಯನ್ನು ಇಂಜಿನ್ ತಾನೇ ಎಳೆದುಕೊಂಡು ಉರಿಸುತ್ತದೆ.

ಅಷ್ಟು ಗೊತ್ತಾಗಿ ಪುಸ್ತಕ ಮುಚ್ಚಬೇಕಿತ್ತು. ಮುಚ್ಚಲಿಲ್ಲ. ಪುಟದಲ್ಲಿ ಬೇರೆ ಏನೋ ಕಣ್ಣಿಗೆ ಚುಚ್ಚುತ್ತಿತ್ತು. ಅಣ್ಣನ ಅಕ್ಷರ. ಹಿಂದಿನ ವರ್ಷದ ಮಾರ್ಚಿನಲ್ಲಿ ದುಂಡಗೆ, ಸಾಲು ತುಂಬಿಕೊಂಡಿದ್ದ ಅಕ್ಷರ ಈಗ ಇರುವೆಗಳ ಸಾಲಾಗಿತ್ತು. ಸಾಲಿನ ಶುರುವಿಗಿಂತ ಕೊನೆ ಇನ್ನೂ ಸಣ್ಣ. ಕಾಗದ ಉಳಿಸುತ್ತಿದ್ದಾನೆ ಎಂದು ಅವಳೇ ಎರಡು ಸಲ ಗೇಲಿ ಮಾಡಿದ್ದಳು. ಅಭ್ಯಾಸಬಲದಿಂದ ಸ್ಕೇಲು ಇಟ್ಟಳು. ಆಗ ಐದು ಮಿಲಿಮೀಟರ್, ಈಗ ಎರಡು. ಯಾಕೆ ಅಳೆದೆ ಎಂದು ಅವಳಿಗೇ ತಿಳಿಯಲಿಲ್ಲ. ಎದ್ದು ಸಿರಿಂಜಿನ ಟ್ರೇ ಹತ್ತಿರ ಹೋದಳು.

ಆ ಗ್ಯಾರೇಜಿನಲ್ಲೊಂದು ಪದ್ಧತಿಯಿತ್ತು. ಪೇಸ್ಟಿನ ದೊಡ್ಡ ಟ್ಯೂಬನ್ನು ಒಮ್ಮೆ ತೆರೆದರೆ ವಾರದಲ್ಲಿ ಗಟ್ಟಿಯಾಗುತ್ತದೆ. ಅದಕ್ಕೆ ತೆರೆದ ದಿನವೇ ಔಷಧಿ ಸಿರಿಂಜುಗಳಿಗೆ ತುಂಬಿ, ಬಾಯಿಗೆ ಮೊಳೆ ಸಿಕ್ಕಿಸಿ ಇಡುತ್ತಿದ್ದರು. ಪೇಸ್ಟಿನಲ್ಲಿ ಎರಡು ಬಗೆ, ಎರಡೂ ಕಪ್ಪು. ಒಂದು ಇಂಜಿನ್ನಿನದು, ಸೆನ್ಸರಿಗೆ ತೊಂದರೆ ಕೊಡದ್ದು, ಅದಕ್ಕೆ ಹುಳಿ ವಾಸನೆಯಿಲ್ಲ. ಇನ್ನೊಂದು ಕಿಟಕಿ ಗಾಜು ಕೂರಿಸುವುದಕ್ಕೆ. ಮೂಗಿನ ಹತ್ತಿರ ತಂದರೆ ವಿನೆಗರ್ ಬಾಟಲಿ ತೆರೆದಂತೆ. ಗಾಜಿನದನ್ನು ಇಂಜಿನ್ನಿಗೆ ಹಚ್ಚಿದರೆ ಸೆನ್ಸರಿನ ಕಥೆ ಮುಗಿಯಿತು. ಸಿರಿಂಜಿನ ಮೇಲೆ ಹೆಸರು ಬರೆದರೆ ಒಂದೇ ದಿನದಲ್ಲಿ ಆಯಿಲು, ಪೆಟ್ರೋಲು ತಾಗಿ ಅಳಿಸಿಹೋಗುತ್ತಿತ್ತು. ಹಾಗಾಗಿ ಇಪ್ಪತ್ತು ವರ್ಷದಿಂದ ಅಣ್ಣ ಹೇಳುತ್ತ ಬಂದ ಮಾತು ಒಂದೇ: "ಮೂಗಿಗಿಂತ ಲೇಬಲ್ ಬೇಕೇನೇ? ಹಚ್ಚೋ ಮುಂಚೆ ಮೂಸು, ಅಷ್ಟೇ." ಪ್ರತಿ ಸಲವೂ ಅವನು ಕಣ್ಣು ಮುಚ್ಚಿ ಮೂಸಿಯೇ ಹಚ್ಚುತ್ತಿದ್ದ. ಈಗಲೂ. ನಿನ್ನೆಯೂ ಅವಳು ನೋಡಿದ್ದಳು.

ಅವನ ಕೈಯಳತೆಯಲ್ಲಿ, ಇಂಜಿನ್ನಿನದೆಂದು ಅವನೇ ಬೇರೆ ಮಾಡಿಟ್ಟ ಟ್ರೇಯಲ್ಲಿ ಆರು ಸಿರಿಂಜುಗಳಿದ್ದವು. ಒಂದೊಂದಾಗಿ ಮೊಳೆ ತೆಗೆದು ಮೂಸಿ, ಎರಡು ಗುಂಪು ಮಾಡಿದಳು. ನಾಲ್ಕು ಹುಳಿ.

ಒಂದು ಗಂಟೆಗೆ ಅತ್ತಿಗೆ ಊಟದ ಡಬ್ಬಿ ತಂದಳು. ಸಂಕೋಚವೆಂದರೆ ಏನೆಂದೇ ತಿಳಿಯದ, ಜೋರು ಬಾಯಿಯ, ಒಳ್ಳೆಯ ಹೆಂಗಸು. "ಬಿಸಿ ಇದ್ದಾಗ್ಲೇ ತಿನ್ನಿ. ನಿಮ್ಮಣ್ಣಂಗೆ ಹೇಳಿ ಪ್ರಯೋಜನ ಇಲ್ಲ. ಈಗೀಗ ಏನು ಮಾಡಿ ಹಾಕಿದ್ರೂ ಸಪ್ಪೆ ಅಂತಾರೆ. ನಿನ್ನೆ ಹಾಲು ಹೊತ್ತಿ ಪಾತ್ರೆ ಕರಕಲಾಗಿದೆ, ಈ ಮಹಾನುಭಾವರು ಅಲ್ಲೇ ಪಕ್ಕದಲ್ಲಿ ಕೂತು ಪೇಪರ್ ಓದ್ತಾ ಇದಾರೆ! ಗಂಡ ಅನ್ನೋ ಬದಲು ಗೋಡೆ ಕಟ್ಕೊಂಡಿದ್ರೆ ಮೊಳೆನಾದ್ರೂ ಹೊಡೀಬಹುದಿತ್ತು."

ಅಣ್ಣ ನಕ್ಕ. ತಂಗಿಗೆ ಅಪ್ಪನ ನೆನಪು ಬಂತು.

ಅಪ್ಪ ಟೈಲರ್ ಆಗಿದ್ದ. ಅವಳಿಗೆ ಹದಿನಾಲ್ಕು ವರ್ಷವಿದ್ದಾಗ ಒಂದು ಮಧ್ಯಾಹ್ನ ಗಿರಾಕಿಯ ಕೋಟಿನ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟು ಗುಂಡಿ ಹೊಲಿಯುತ್ತ ಕೂತಿದ್ದ. ಕೋಟು ಸುಟ್ಟು, ಕಮಟು ವಾಸನೆ ಬೀದಿಗೆ ಹೋಗಿ, ಪಕ್ಕದ ಮನೆಯವರು ಓಡಿ ಬಂದರೂ ಅಪ್ಪ ತಲೆ ಎತ್ತಿರಲಿಲ್ಲ. ಎಲ್ಲರೂ ಬೈದರು. ಅವಳೂ ಬೈದಳು: "ಮೂಗಲ್ಲಿ ಹತ್ತಿ ತುರ್ಕೊಂಡಿದೀಯೇನಪ್ಪಾ?" ಎರಡು ವರ್ಷ ಕಳೆದ ಮೇಲೆ ಅಪ್ಪನ ಕೈ ನಡುಗಲು ಶುರುವಾಯಿತು. ಆಗ ಡಾಕ್ಟರು ಹೇಳಿದರು, ನಡುಕ ತಂದು ಮೈಯನ್ನು ಮಂದವಾಗಿಸುವ ಈ ಕಾಯಿಲೆಯಲ್ಲಿ ಕೆಲವರಿಗೆ ಎಲ್ಲಕ್ಕೂ ಮೊದಲು ಹೋಗುವುದು ವಾಸನೆ, ಬರೆಯುವ ಅಕ್ಷರವೂ ಸಣ್ಣಗಾಗುತ್ತದೆ. ಅಪ್ಪನ ಹೆಬ್ಬೆರಳು ತೋರುಬೆರಳುಗಳನ್ನು ಬೇಗ ಬೇಗ ತಾಗಿಸಲು ಹೇಳಿ, ಗಡಿಯಾರ ನೋಡುತ್ತ ಎಣಿಸಿದ್ದರು. ಬಾಗಿಲ ಬಳಿ ನಿಂತು ಅದನ್ನು ನೋಡಿದವರು ಇಬ್ಬರು, ಅಣ್ಣ ಮತ್ತು ಅವಳು.

ಅತ್ತಿಗೆ ಹೋದಳು. ತಂಗಿ ಅನ್ನ ಕಲಸದೆ ಎದ್ದು, ಮೂರು ಸಿರಿಂಜು ತೆಗೆದುಕೊಂಡು ಅಣ್ಣನ ಮುಂದೆ ನಿಂತಳು. ಮನಸ್ಸಿನಲ್ಲಿ ದೇವರೇ, ನನ್ನ ಲೆಕ್ಕ ತಪ್ಪಾಗಲಿ ಎಂದುಕೊಂಡಳು. ಜೀವನದಲ್ಲಿ ಮೊದಲ ಸಲ ಹಾಗೆ ಬೇಡಿಕೊಂಡದ್ದು.

"ಅಣ್ಣಾ, ಇದು ಯಾವ್ದು ನೋಡು."

ಕೈ ಚಾಚಿದಷ್ಟು ದೂರದಲ್ಲೇ ಅವಳಿಗೆ ಹುಳಿ ಬಡಿಯುತ್ತಿತ್ತು. ಅಣ್ಣ ಸಿರಿಂಜನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರೆಳೆದ. "ಇಂಜಿನ್ದು."

"ಇದು?"

"ಇದೂ ಇಂಜಿನ್ದೇ." ಅದು ನಿಜವಾಗಿಯೂ ಇಂಜಿನ್ನಿನದು.

"ಇದು?"

ಮೂರನೆಯದನ್ನು ಹಿಡಿದು ಅವನು ತಡಮಾಡಿದ. ಈ ಸಲ ಕಣ್ಣು ಮುಚ್ಚಿರಲಿಲ್ಲ. ಅವಳ ಮುಖ ನೋಡುತ್ತಿದ್ದ. ಅವಳ ಹುಬ್ಬು, ಅವಳ ತುಟಿ. ಉತ್ತರವನ್ನು ಅವನು ಹುಡುಕುತ್ತಿದ್ದದ್ದು ಅಲ್ಲಿ. ಇಷ್ಟು ದಿನವೂ ಅಲ್ಲೇ ಹುಡುಕಿದ್ದನೇನೋ.

"ಎಷ್ಟು ಸಲ ಕೇಳ್ತೀಯೇ ಪುಟ್ಟಿ," ಎಂದು ಸಿರಿಂಜನ್ನು ಮೆಲ್ಲಗೆ ಕೆಳಗಿಟ್ಟ. "ಗೊತ್ತಾಗಿದೆಯಲ್ಲ, ಬಿಡು."

ಹೊರಗೆ ಯಾರೋ ಹಾರ್ನ್ ಹೊಡೆದು ಹೋದರು.

"ಯಾವಾಗಿಂದ?"

"ಎರಡು ವರ್ಷ ಆಗ್ತಾ ಬಂತು. ಮೊದಲು ಪೆಟ್ರೋಲ್ ಹೋಯ್ತು. ಆಮೇಲೆ ಕಾಫಿ. ನಿಮ್ಮತ್ತಿಗೆ ತಲೆಗೆ ಹಚ್ಕೊಳ್ಳೋ ಎಣ್ಣೆ ವಾಸನೆ ಮಾತ್ರ ತುಂಬಾ ದಿನ ಇತ್ತು. ಒಂದಿನ ಬೆಳಿಗ್ಗೆ ಎದ್ದೆ, ಅದೂ ಇರ್ಲಿಲ್ಲ. ಅವಳು ಪಕ್ಕದಲ್ಲೇ ಮಲಗಿದ್ಲು."

"ಶೀತ ಇರಬಹುದು ಅಣ್ಣಾ. ಮೂಗೊಳಗೆ ಗಂಟು ಬೆಳೆದ್ರೂ ಹೀಗೇ ಆಗುತ್ತೆ. ಎಷ್ಟೋ ಕಾರಣ ಇರ್ತವೆ—"

"ಎರಡು ವರ್ಷದ ಶೀತ ಯಾವ್ದೇ?" ಅವನು ನಗಲು ನೋಡಿದ. "ಬಲಗೈ ಬೇರೆ ಮಾತು ಕೇಳ್ತಿಲ್ಲ. ಬೋಲ್ಟ್ ಹಿಡಿಯೋಕೆ ಹೋದ್ರೆ ನಿನ್ನ ಸೆನ್ಸರ್ ಥರ ಯೋಚನೆ ಮಾಡ್ತಾ ನಿಲ್ಲುತ್ತೆ."

ಅವಳು ಸ್ಟೂಲಿನ ಮೇಲೆ ಕೂತಳು. ಕೇಳಬೇಕಾದ ಪ್ರಶ್ನೆ ಇನ್ನೂ ಒಂದಿತ್ತು; ಕೇಳದೆ ಬಿಡುವುದು ಅವಳಿಗೆ ಬರುತ್ತಿರಲಿಲ್ಲ. "ಎರಡು ವರ್ಷ ವಾಸನೆ ಇಲ್ಲ. ಆದ್ರೆ ಕಾರು ಕೆಡ್ತಿರೋದು ಈ ಐದು ವಾರದಿಂದ. ಅಲ್ಲೀವರೆಗೆ ಹೆಂಗೆ ಗುರುತು ಹಿಡೀತಿದ್ದೆ?"

ಅಣ್ಣ ಒರೆಸುವ ಬಟ್ಟೆಯನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ.

"ಹಳೇ ಸಿರಿಂಜಿನ ತಳದಲ್ಲಿ, ಹೆಬ್ಬೆರಳು ಇಟ್ಟು ಒತ್ತೋ ಜಾಗದಲ್ಲಿ, ಸಣ್ಣ ಗೀರು ಹಾಕಿದ್ದೆ. ಇಂಜಿನ್ದಕ್ಕೆ ಒಂದು, ಗಾಜಿಂದಕ್ಕೆ ಎರಡು. ಮೂಸೋ ನಾಟಕ ಆಡ್ತಾ ಹೆಬ್ಬೆರಳಲ್ಲಿ ಓದ್ತಿದ್ದೆ."

ಅವಳಿಗೆ ಆಗ ಅರ್ಥವಾಯಿತು. ಅವನು ಮುಂದೆ ಹೇಳದಿದ್ದರೂ ಆಗುತ್ತಿತ್ತು.

ಜನವರಿಯ ಒಂದು ಭಾನುವಾರ ಅವಳೊಬ್ಬಳೇ ಬಂದು ಗ್ಯಾರೇಜು ಸ್ವಚ್ಛ ಮಾಡಿದ್ದಳು. ಅಣ್ಣನಿಗೆ ಒತ್ತಲು ಕಷ್ಟವಾಗುತ್ತದೆ ಎಂದು, ಬಿಗಿಯಾಗಿ ಹಿಡಿದಿದ್ದ ಹಳೆಯ ಸಿರಿಂಜುಗಳನ್ನೆಲ್ಲ ಕಸಕ್ಕೆ ಹಾಕಿದ್ದಳು. ಹೊಸ ಡಬ್ಬಿ ತರಿಸಿ, ಎರಡು ಬಗೆಯ ಪೇಸ್ಟನ್ನೂ ತಾನೇ ತುಂಬಿ, ಒಣಗದಿರಲಿ ಎಂದು ಎಲ್ಲವನ್ನೂ ಒಂದೇ ಟ್ರೇಯಲ್ಲಿ ಮುಚ್ಚಿಟ್ಟಿದ್ದಳು. ಮೂಸಿದರೆ ಗೊತ್ತಾಗುತ್ತದಲ್ಲ, ಬೇರೆ ಯಾಕೆ ಇಡಬೇಕು ಎಂದು. ಸೋಮವಾರ ಬೆಳಿಗ್ಗೆ ಅಣ್ಣ ಟ್ರೇ ನೋಡಿ ಒಂದು ಸಿರಿಂಜಿನ ತಳವನ್ನು ಹೆಬ್ಬೆರಳಿಂದ ಸವರಿದ್ದ. ಆಮೇಲೆ "ಎಷ್ಟು ಚೊಕ್ಕ ಮಾಡಿದೀಯ ಪುಟ್ಟಿ" ಎಂದಿದ್ದ. ಅವಳು ಇಡೀ ದಿನ ಹಿಗ್ಗಿದ್ದಳು.

"ಹೇಳಬಾರದಿತ್ತಾ ಅಣ್ಣಾ? ಆವತ್ತೇ, ಒಂದು ಮಾತು?"

"ಏನಂತ? ಗೀರು ಹಾಕಿದ್ದನ್ನ ಯಾಕೆ ಎಸೆದೆ ಅಂದ್ರೆ, ಗೀರು ಯಾಕೆ ಹಾಕಿದ್ದೆ ಅಂತೀಯ. ನೀನು ಬಿಡೋ ಪೈಕಿನಾ? ಬಾಲ ಸಿಕ್ರೆ ಆನೇನೇ ಎಳ್ಕೊಂಡು ಬರೋಳು. ಹೊಸ ಟ್ಯೂಬ್ ತರ್ಸಿದ್ರೂ ಯಾಕೆ ಅಂತಿದ್ದೆ. ಒತ್ತಿದಾಗ ಗಟ್ಟಿ ಇರೋದು ಇಂಜಿನ್ದು ಅಂತ ಅಂದ್ಕೊಂಡು ಬೇರೆ ಮಾಡಿಟ್ಟೆ. ನೀನು ಮೂಸಿ ಗುಂಪು ಮಾಡಿದ್ದು ನೋಡ್ದೆ, ಆರಕ್ಕೆ ಎರಡು ಸರಿಯಾಗಿದೆ ಅಲ್ವಾ? ಕಣ್ಣು ಮುಚ್ಕೊಂಡು ಆರಿಸಿದ್ರೂ ಇದಕ್ಕಿಂತ ಜಾಸ್ತಿ ಸರಿ ಬರ್ತಿತ್ತು."

"ನಗಬೇಡ."

"ನಗ್ತಿಲ್ಲ." ನಿಜಕ್ಕೂ ನಗುತ್ತಿರಲಿಲ್ಲ. "ಅಪ್ಪನ್ನ ಹನ್ನೊಂದು ವರ್ಷ ತೊಳೆದೋನು ನಾನು. ಗುಂಡಿ ಹಾಕಿದ್ದು, ತುತ್ತು ಇಟ್ಟಿದ್ದು, ಕೊನೇಲಿ ರೆಪ್ಪೆ ಮುಚ್ಚಿಸಿದ್ದು. ಮುಂದಿನ ಪುಟಗಳೆಲ್ಲ ನಂಗೆ ಬಾಯಿಪಾಠ. ನೀನು ಆಗ ಓದ್ತಾ ಇದ್ದೆ, ನಿನ್ನ ಕಣ್ಣಿಗೆ ಬೀಳದ ಹಾಗೆ ನೋಡ್ಕೊಂಡೆ. ಈ ಸಲಾನೂ ಎಷ್ಟು ದಿನ ಆಗುತ್ತೋ ಅಷ್ಟು ದಿನ ನೋಡ್ಕೋಣ ಅಂತಿತ್ತು."

ಅವಳ ಅಳು ಬಂದದ್ದು ಆಗ. ಸದ್ದಿಲ್ಲದೆ, ಮೂಗು ಕೆಂಪಾಗಿ, ಹದಿನಾಲ್ಕರ ಹುಡುಗಿಯಂತೆ. ಅಣ್ಣ ಎದ್ದು ಎಡಗೈಯಲ್ಲಿ ಅವಳ ತಲೆ ಸವರಿದ. ಎಡಗೈ ಎಂಬುದನ್ನು ಅವಳು ಗಮನಿಸಿದಳು. ಗಮನಿಸದೆ ಇರಲು ಸಾಧ್ಯವಾಗಿದ್ದರೆ ಏನು ಬೇಕಾದರೂ ಕೊಡುತ್ತಿದ್ದಳು.

"ನರ್ಸಕ್ಕ ಐದಕ್ಕೆ ಬರ್ತಾಳೆ," ಎಂದ ಅವನು. "ಬಾ."

ಮುಚ್ಚಳ ಬಿಚ್ಚಿದರು. ಹುಳಿ ಪೇಸ್ಟನ್ನು ಇಬ್ಬರೂ ಸೇರಿ ಕೆರೆದು, ಒರೆಸಿ, ಹಳೆಯ ಆಯಿಲನ್ನು ಪೂರ್ತಿ ಇಳಿಸಿದರು. ಅವಳು ಒಂದು ಸಿರಿಂಜನ್ನು ಮೂಸಿ, "ಇಂಜಿನ್ದು," ಎಂದು ಅವನ ಕೈಗೆ ಕೊಟ್ಟಳು. ಅವನು ಅದನ್ನು ಮೂಗಿಗೆ ಹಿಡಿಯದೆ ನೇರವಾಗಿ ಹಚ್ಚತೊಡಗಿದ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ. ಅಂಚಿನ ಸುತ್ತ ಹೋಗುವ ಗೆರೆ ಅರ್ಧ ದಾರಿಯಲ್ಲಿ ಸಣ್ಣಗಾಗುತ್ತ ಬಂದು, ನಿಂತಿತು. ಬೆರಳು ಒತ್ತುತ್ತಿದ್ದಂತೆ ಕಂಡರೂ ಪೇಸ್ಟು ಬರುತ್ತಿರಲಿಲ್ಲ. ಅವಳು ಅವನ ಹೆಬ್ಬೆರಳ ಮೇಲೆ ತನ್ನದನ್ನಿಟ್ಟು ಒತ್ತಿದಳು. ಗೆರೆ ಮುಂದುವರಿಯಿತು. ಹತ್ತು ಬೋಲ್ಟುಗಳಲ್ಲಿ ಮೂರನ್ನು ಅವನು ಬಿಗಿದ, ಏಳನ್ನು ಅವಳು.

ನಡುವೆ ಅವಳು ರಸ್ತೆ ದಾಟಿ ಗುಂಡು ಮಾವನ ಅಂಗಡಿಗೆ ಹೋಗಿ ಬಂದಳು. "ತಪ್ಪು ನಂದೇ ಮಾವ. ಪೇಸ್ಟ್ ತುಂಬಿದ್ದು ನಾನು, ಎರಡನ್ನೂ ಒಂದೇ ಟ್ರೇಯಲ್ಲಿ ಇಟ್ಟಿದ್ದು ನಾನು. ನಿಮ್ಮ ಡಬ್ಬಿದೇನೂ ತಪ್ಪಿಲ್ಲ." ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಕುಟುಕಲು ಸಿದ್ಧನಾಗಿದ್ದ ಗುಂಡು ಮಾವ ಅವಳ ಕಣ್ಣು ನೋಡಿ ಬಾಯಿ ಮುಚ್ಚಿಕೊಂಡ. ಹೊಸ ಸೆನ್ಸರಿನ ಡಬ್ಬಿಯನ್ನು ಮುಂದೆ ತಳ್ಳಿದ. "ಒಂದು ಸೆನ್ಸರಿಗೆಲ್ಲ ಯಾರಾದ್ರೂ ಅಳ್ತಾರೇನೇ, ಹುಚ್ಚಿ," ಎಂದ.

ನಾಲ್ಕು ಮುಕ್ಕಾಲಿಗೆ ನರ್ಸಕ್ಕನ ಕಾರು ಹತ್ತು ಸೆಕೆಂಡಿನಲ್ಲಿ ಹತ್ತೊಂಬತ್ತು ಸಲ ದಾಟಿತು. ನರ್ಸಕ್ಕ ಬಂದು, ಹಳದಿ ದೀಪ ಆರಿದ್ದನ್ನು ನೋಡಿ, "ನಮ್ಮತ್ತೆಗೂ ಹಿಂಗೇ ಏನಾದ್ರೂ ಮಾಡೋಕಾಗುತ್ತಾ ಮೇಸ್ತ್ರಿ?" ಎಂದಳು. "ಅದಕ್ಕೆ ಬಿಡಿಭಾಗ ಸಿಗಲ್ಲ ಅಕ್ಕಾ," ಎಂದ ಅಣ್ಣ. ಅವಳು ನಗುತ್ತ ಹೋದಳು. ಕಾರು ಏರನ್ನು ಇಳಿದು ತಿರುವಿನಲ್ಲಿ ಮರೆಯಾಗುವವರೆಗೂ ಇಬ್ಬರೂ ನಿಂತು ಕಿವಿಗೊಟ್ಟು ಕೇಳಿದರು. ಎಲ್ಲೂ ಎಡವಲಿಲ್ಲ.

ಅಣ್ಣ ಅರ್ಧ ಶಟರ್ ಎಳೆದು, ಕೈ ತೊಳೆದು, ಒರೆಸಿಕೊಂಡು ಬಂದು ತಂಗಿಯ ಮೇಜಿನ ಎದುರು ಕೂತ. ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ. ನಾಲ್ಕು ಬಿಳಿ ಸೆನ್ಸರುಗಳನ್ನು ಬದಿಗೆ ಸರಿಸಿ, ಎರಡೂ ಕೈಗಳನ್ನು ಮೇಜಿನ ಮೇಲಿಟ್ಟ. ಉಗುರಿನ ಸಂದಿಯ ಕಪ್ಪು ಯಾವ ಸೋಪಿಗೂ ಹೋಗದ ಕೈಗಳು.

"ಅಳೆ," ಎಂದ.

"ಅಣ್ಣಾ, ಬೇಡ. ನಾಳೆ ಡಾಕ್ಟರ ಹತ್ರ ಹೋಗೋಣ."

"ನಾಳೆ ಹೋಗೋಣ. ನಿಮ್ಮತ್ತಿಗೆಗೂ ಇವತ್ತೇ ಹೇಳ್ತೀನಿ, ಅವಳ ಬೈಗುಳಕ್ಕೆ ಒಂದು ಅರ್ಥ ಆದ್ರೂ ಬರ್ಲಿ. ಆದ್ರೆ ಮೊದಲು ನೀನು ಅಳೆ. ಡಾಕ್ಟರು ಸಮಾಧಾನ ಮಾಡೋಕೆ ಏನಾದ್ರೂ ಹೇಳ್ತಾರೆ. ನೀನು ಸುಳ್ಳು ಬರೆಯಲ್ಲ." ಬದಿಗಿಟ್ಟ ಸೆನ್ಸರುಗಳ ಕಡೆ ನೋಡಿ, "ನಾಲ್ಕು ಕಾರು ಕೆಡಿಸಿದೀನಿ ಪುಟ್ಟಿ. ಐದನೇದು ಬ್ರೇಕ್ ಕೆಲಸ ಆಗಿದ್ರೆ? ನಾನು ಪಾನಾ ಕೆಳಗಿಡೋಕೆ ನಂಗೊಂದು ಅಂಕಿ ಬೇಕು."

ಅವಳು ಜಾಬ್ ಪುಸ್ತಕ ತೆರೆದಳು. ಇರುವೆಗಳ ಸಾಲಿನ ಕೆಳಗೆ ತನ್ನ ಅಕ್ಷರದಲ್ಲಿ ದಿನಾಂಕ ಬರೆದಳು, ಸಮಯ ಬರೆದಳು: ಸಂಜೆ ಐದು ಐವತ್ತೆರಡು. ಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟಳು. ಅಪ್ಪನ ಡಾಕ್ಟರು ಹೇಳಿದ್ದ ಹಾಗೆಯೇ ಹೇಳಬೇಕಿತ್ತು. ಹೇಳುವ ಅಗತ್ಯ ಬೀಳಲಿಲ್ಲ. ಅವನಿಗೂ ನೆನಪಿತ್ತು.

ಮೊದಲು ಎಡಗೈ. ಹೆಬ್ಬೆರಳು ತೋರುಬೆರಳು ಚಕಚಕನೆ ಕೂಡಿ ಬಿಟ್ಟವು, ಸಣ್ಣ ಹೊಲಿಗೆ ಯಂತ್ರದ ಹಾಗೆ. ಆಮೇಲೆ ಬಲಗೈ. ಮೊದಲ ನಾಲ್ಕೈದು ಸಲ ಅಗಲವಾಗಿ ತೆರೆದ ಬೆರಳುಗಳು ಬರುಬರುತ್ತ ಕಿರಿದಾದವು, ಏಳನೆಯ ಸೆಕೆಂಡಿನಲ್ಲಿ ಒಂದು ಕಡೆ ನಿಂತೇಬಿಟ್ಟವು. ಅಣ್ಣ ಹಲ್ಲು ಕಚ್ಚಿ ಅವನ್ನೇ ನೋಡುತ್ತಿದ್ದ, ಕೆಟ್ಟ ಇಂಜಿನ್ನನ್ನು ನೋಡುವ ಹಾಗೆ, ಕೋಪವಿಲ್ಲದೆ. ಮತ್ತೆ ಹೊರಟವು. ಅವಳು ತುಟಿ ಅಲುಗಿಸದೆ ಎಣಿಸಿದಳು. ಒಂದನ್ನು ಸೇರಿಸಲಿಲ್ಲ, ಒಂದನ್ನು ಬಿಡಲಿಲ್ಲ.

"ಓದು," ಎಂದ ಅಣ್ಣ.

ಅವಳು ಬರೆದದ್ದನ್ನು ಓದಿದಳು. ಎಡಗೈ, ಹತ್ತು ಸೆಕೆಂಡಿಗೆ ನಲವತ್ತಮೂರು. ಬಲಗೈ, ಹತ್ತು ಸೆಕೆಂಡಿಗೆ ಇಪ್ಪತ್ತನಾಲ್ಕು.